ಎಳ್ಳಮಾಸಿಯ ಐದು ಸಾಲು

ಹೊಸ ಗಡಿಗೆಯಲ್ಲಿ ಅಂಬಲಿ ಹುಳಿ ಬರುವಾಗ ಒಂದು ವಾಸನೆ ಏಳುತ್ತದೆ. ಜೋಳದ ಹಿಟ್ಟು, ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಇವೆಲ್ಲದರ ಕೆಳಗೆ ಹಸಿ ಮಣ್ಣಿನ ವಾಸನೆ. ನಿನ್ನೆ ರಾತ್ರಿ ಉದಗೀರದ ನಮ್ಮ ಅಡುಗೆಮನೆಯಲ್ಲಿ ಗಡಿಗೆಗೆ ಕಟ್ಟಿದ ಬಟ್ಟೆ ಬಿಚ್ಚಿದೆ, ಅದೇ ವಾಸನೆ ಬಂತು. ಆಕೆ ತೀರಿಕೊಂಡ ಸುದ್ದಿ ಬಂದು ಮೂರು ವಾರವಾಗಿತ್ತು. ಮೂರು ವಾರ ಕೆಲಸದ ಗಡಿಬಿಡಿಯಲ್ಲಿ ಅಳು ಬಂದಿರಲಿಲ್ಲ. ನಿನ್ನೆ ಬಂತು.

ಆಕೆಯನ್ನು ನಾವು ತಾಯಿ ಎನ್ನುತ್ತಿದ್ದೆವು. ನಮ್ಮನ್ನು ಹೆತ್ತವಳಲ್ಲ. ಗಡಿಯಾಚೆ ಮಹಾರಾಷ್ಟ್ರದ ಯೆಣೆಗೂರಿನಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಇದ್ದ ಮರಾಠಿ ಮನೆಯವಳು. ಮರಾಠಿಯಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ. ಓಣಿಯೆಲ್ಲ ಆಕೆಯನ್ನು ತಾಈ ಎಂದೇ ಕರೆಯುತ್ತಿತ್ತು. ನಮ್ಮ ಕನ್ನಡದ ನಾಲಿಗೆಯಲ್ಲಿ ಅದು ತಾಯಿ ಆಯಿತು. ಮೂವತ್ತು ದಾಟಿತ್ತು ಆಕೆಗೆ. ಒಮ್ಮೆ ಲಗ್ನ ನಿಶ್ಚಯವಾಗಿ ಮುರಿದಿತ್ತು. ಆಮೇಲೆ ಕೇಳಿಕೊಂಡು ಯಾರೂ ಬಂದಿರಲಿಲ್ಲ. ತನ್ನ ಅಣ್ಣ, ಅತ್ತಿಗೆಯ ಜೊತೆ ಇದ್ದಳು, ಅತ್ತಿಗೆಗೆ ವೈನಿ ಅನ್ನುತ್ತಿದ್ದಳು. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಜಂಪರ ಹೊಲಿಯುತ್ತಿದ್ದಳು.

ನನ್ನ ಅವ್ವ ಕಾಮಾಲೆಯಿಂದ ಹೋದಾಗ ನನಗೆ ಆರು ವರುಷ, ನನ್ನ ಅಣ್ಣನಿಗೆ ಒಂಬತ್ತು. ನಮ್ಮದು ಬೀರಪ್ಪನ ಒಕ್ಕಲು. ಅಪ್ಪನಿಗೆ ಕುರಿ ಇದ್ದವು, ನಾಲ್ಕು ಎಕರೆ ಹೊಲವಿತ್ತು. ಎಳ್ಳಮಾಸಿ ಬರುವ ದಿನಗಳಲ್ಲೇ ಕುರಿ ಈಯುತ್ತಿದ್ದವು, ತೊಗರಿಯೂ ಕೊಯ್ಲಿಗೆ ಬರುತ್ತಿತ್ತು. ಅಪ್ಪನ ಅವ್ವನಿಗೆ ಕಣ್ಣು ಮಂಜಾಗಿದ್ದವು. ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತಾರೆ. ಈ ಮಾತು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಹೊಲದ ಹಬ್ಬ. ಅವತ್ತು ಊರಲ್ಲಿ ಯಾರೂ ಇರುವುದಿಲ್ಲ. ಹೊಲದ ನಡುವೆ ಜೋಳದ ಒಣದಂಟಿನ ಐದು ಸೂಡು ನಿಲ್ಲಿಸಿ ಕೊಂಪಿ ಎಂಬ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಡುತ್ತಾರೆ. ಅವೇ ಪಾಂಡವರು. ಭಜ್ಜಿ, ಸಜ್ಜೆಯ ಉಂಡಿ, ಅಂಬಲಿ ಎಡೆ ಮಾಡಿ ಅಲ್ಲೇ ಕೂತು ಉಣ್ಣುತ್ತಾರೆ. ಭಜ್ಜಿ ಅಂದರೆ ಕರಿದದ್ದಲ್ಲ, ಪಲ್ಯ; ಅದಕ್ಕೆ ಹೊಲದಲ್ಲಿರುವ ಕಾಳು, ಕಾಯಿ, ಸೊಪ್ಪು ಎಲ್ಲ ಬೇಕು. ಹೆಂಗಸರು ಬೆಳಗಾಗುವ ಮುಂಚೆಯೇ ಒಲೆ ಹೊತ್ತಿಸುತ್ತಾರೆ. ನಮ್ಮ ಮನೆಯಲ್ಲಿ ಹೊತ್ತಿಸುವವರು ಯಾರು? ಅವ್ವ ಹೋದ ವರುಷ ಹಬ್ಬವೇ ಇರಲಿಲ್ಲ. ಮುಂದಿನ ವರುಷ ತಾಯಿ ಬಂದಳು. ಯಾರೂ ಕರೆದಿರಲಿಲ್ಲ. ಅವ್ವ ಆಕೆಗೆ ಕನ್ನಡ ಕಲಿಸಿದ್ದಳಂತೆ, ಆಕೆ ಅವ್ವನಿಗೆ ಸೂಜಿ ಹಿಡಿಯಲು ಕಲಿಸಿದ್ದಳಂತೆ. ಅಷ್ಟೇ ಸಂಬಂಧ.

ಆಕೆಗೂ ಹೊತ್ತು ಇರಲಿಲ್ಲ. ಅದಕ್ಕೆ ಐದು ದಿನ ಮೊದಲೇ ಕೆಲಸ ಹಂಚುತ್ತಿದ್ದಳು. ಮೊದಲ ದಿನ ನಾನು, ಅಣ್ಣ ಹಳ್ಳದಿಂದ ಕಲ್ಲು ಆರಿಸಿ ತರಬೇಕು. ಮರುದಿನ ಸುಣ್ಣ. ಒಣಗಿದ ಮೇಲೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕೆಂಪು ಕಾವಿಯ ಬೊಟ್ಟು. ಆಮೇಲೆ ಕಾಳು ಸುಲಿಯುವುದು, ಸಜ್ಜೆ ಹಸನು ಮಾಡುವುದು. ಅಂಬಲಿ ಕಲಸುವುದು ಹಿಂದಿನ ದಿನದ ಕೆಲಸ.

"ಎಲ್ಲಾ ಒಂದೇ ದಿನಾ ಮಾಡ್ಲಾಕ ಹೋದ್ರ ನಿಮ್ಮಪ್ಪ ಉಪಾಸ ಹೊಲಕ್ಕ ಹೋಗ್ತಾನ ನೋಡು" ಅನ್ನುತ್ತಿದ್ದಳು.

ಅಣ್ಣ ತಂದ ಒಂದು ಕಲ್ಲನ್ನು ತಿರುವಿ ನೋಡಿ, "ಈ ಭೀಮ ಜ್ವರಾ ಬಿದ್ದು ಎದ್ದಂಗ ಅದಾನಲ್ಲೋ. ಹೋಗು, ಜರಾ ಉಂಡು ಬೆಳದಾಂವನ್ನ ತಾ" ಎಂದು ಓಡಿಸಿದಳು.

ಕೊಂಪಿಗೆ ಹೊಸ ಶಾಲು ಹೊದಿಸಬೇಕು. ನಮ್ಮಲ್ಲಿ ಹೊಸದು ಇರಲಿಲ್ಲ. ಆಕೆ ಹೊಲಿಗೆಯಲ್ಲಿ ಉಳಿದ ಚೂರುಗಳನ್ನು ಸೇರಿಸಿ ಚಾದರ ಮಾಡಿದಳು. ಊರ ಎಲ್ಲ ಹೆಂಗಸರ ಜಂಪರವೂ ಅದರಲ್ಲಿತ್ತು. ಸೂಜಿಗೆ ದಾರ ಹಾಕಿಕೊಡುವುದು ನನ್ನ ಕೆಲಸ. ಹಸಿರು ರೇಶಿಮೆಯ ಚೂರು ಕೈಗೆ ಬಂದಾಗ, "ಇದು ಪಾಟೀಲರ ಮನಿದು, ನಡಬರಕ ಇರ್ಲಿ. ಮೂಲ್ಯಾಗ ಹಚ್ಚಿದ್ರ ಸಿಟ್ಟಿಗೇಳ್ತದ" ಅಂದಳು. ಆಯಿ ಹೊರಸಿನ ಮೇಲೆ ಕುಳಿತಲ್ಲೇ ಬಿದ್ದು ಬಿದ್ದು ನಕ್ಕಳು. ಅವ್ವ ಹೋದ ಮೇಲೆ ಆಯಿ ನಕ್ಕದ್ದು ಅದೇ ಮೊದಲು ಇರಬೇಕು...

ಮನೆಗೆ ಬಂದವರೆಲ್ಲ ನನ್ನ ತಲೆ ಸವರಿ "ತಾಯಿ ಇಲ್ಲದ ಕೂಸು" ಅನ್ನುತ್ತಿದ್ದರು. ನನಗೆ ಅದು ಅರ್ಥವಾಗುತ್ತಿರಲಿಲ್ಲ. ಅವ್ವ ಇಲ್ಲ, ಅದು ಗೊತ್ತಿತ್ತು. ತಾಯಿ ಯಾಕೆ ಇಲ್ಲ? ಒಮ್ಮೆ ಒಬ್ಬ ಮುದುಕಿಗೆ ಹೇಳಿಯೇಬಿಟ್ಟೆ: "ಅಲ್ಲಿ ಅದಾಳಲ್ಲ, ಹಿಟ್ಟು ನಾದ್ಲಾಕತ್ಯಾಳ." ಎಲ್ಲರೂ ನಕ್ಕರು. ತಾಯಿಯೂ ನಕ್ಕಳು, ಆದರೆ ಹಿಟ್ಟಿನಿಂದ ತಲೆ ಎತ್ತಲಿಲ್ಲ. ಯಾರೂ ನನ್ನನ್ನು ತಿದ್ದಲಿಲ್ಲ.

ಎರಡನೆಯ ಎಳ್ಳಮಾಸಿ ಎಲ್ಲ ಸರಿಯಿದ್ದ ಕೊನೆಯ ದಿನ. ಅಪ್ಪ ಕುರಿಗಳನ್ನು ಪಕ್ಕದ ಹೊಲದಲ್ಲಿ ಬಿಟ್ಟು ಬಂದಿದ್ದ. ಕಡಲೆ ಹೂ ಬಿಟ್ಟಿತ್ತು. ತಾಯಿ ತನ್ನ ಅಣ್ಣನ ಹೊಲದ ಊಟ ಮುಗಿಸಿ, ಬದು ದಾಟಿ ನಮ್ಮ ಕಡೆ ಬಂದಳು. ಪೂಜೆಯಾದ ಮೇಲೆ ಗಂಡಸರು ಅಂಬಲಿ ಚೆಲ್ಲುತ್ತ ಹೊಲ ಸುತ್ತಿ ಒಂದು ಕೂಗು ಹಾಕುತ್ತಾರೆ. ಮರಾಠಿಯವರೂ ಅದನ್ನು ಕನ್ನಡದಲ್ಲೇ ಕೂಗುತ್ತಾರೆ.

"ಆಯಿ, ಈ ಕೂಗಿನ ಅರ್ಥ ಏನ್ರಿ? ನಿಮ್ಮ ಮಾತಲ್ಲ?" ಎಂದು ತಾಯಿ ಕೇಳಿದಳು.

"ನಮಗೆಲ್ಲಿ ಗೊತ್ತದ ಯವ್ವಾ. ನಿಮ್ಮವರು ಕೂಗ್ತಾರಂತ ನಾವೂ ಕೂಗ್ತೀವಿ" ಅಂದಳು ಆಯಿ.

ಬಿಸಿಲಿತ್ತು. ಆ ಚಾದರದ ಬಣ್ಣಗಳು ದೂರದ ರಸ್ತೆಯ ಬಸ್ಸಿನವರಿಗೂ ಕಂಡಿರಬೇಕು. ಅಷ್ಟೇ ನೆನಪು. ವಿಶೇಷ ಏನೂ ಆಗಲಿಲ್ಲ ಅವತ್ತು.

ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಶಾಲೆ ಮರಾಠಿಯದು. ಆ ವರುಷ ಬೇರೆ ಜಿಲ್ಲೆಯಿಂದ ಹೊಸ ಶಿಕ್ಷಕಿ ಬಂದಿದ್ದರು. ಊರಿನ ಯಾರ ಮನೆಯ ವಿಷಯವೂ ಅವರಿಗೆ ಗೊತ್ತಿರಲಿಲ್ಲ. ಹಬ್ಬದ ಮೇಲೆ ಐದು ಸಾಲು ಬರೆಯಲು ಹೇಳಿದರು. ಕನ್ನಡದ ತಾಯಿಗೆ ಮರಾಠಿಯಲ್ಲಿ ಆಈ ಅನ್ನುತ್ತಾರೆ ಎಂದು ನಾನು ಹೊಸದಾಗಿ ಕಲಿತಿದ್ದೆ. ಬರೆದೆ: ಆಈನೇ ಭಜ್ಜೀ ಕೇಲೀ. ಆಈನೇ ಚಾದರ ಶಿವಲೀ. ತಾಯಿ ಭಜ್ಜಿ ಮಾಡಿದಳು, ತಾಯಿ ಚಾದರ ಹೊಲಿದಳು... ಐದು ಸಾಲಿಗೂ ಆಈ ಇತ್ತು. ಶಿಕ್ಷಕಿಗೆ ಮೆಚ್ಚುಗೆಯಾಯಿತು. ಆ ಹಾಳೆಯನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು.

ಸಂಕ್ರಾಂತಿಗೆ ಶಾಲೆಯಲ್ಲಿ ಹೆಂಗಸರ ಅರಿಶಿನ ಕುಂಕುಮ ಇಟ್ಟುಕೊಂಡಿದ್ದರು. ತಾಯಿಯ ವೈನಿಯೂ ಹೋಗಿದ್ದಳು. ಅವಳ ಮಗಳು ನನ್ನದೇ ವರ್ಗ. ವೈನಿ ಗೋಡೆಯ ಹಾಳೆ ಓದಿದಳು. ಜೊತೆಯಲ್ಲಿದ್ದವರೂ ಓದಿದರು. ಹೆಂಡತಿ ಇಲ್ಲದವನ ಮನೆಗೆ ಲಗ್ನವಾಗದ ಹೆಣ್ಣು ಹೋಗಿ ಬರುವುದನ್ನು ಊರು ಮೊದಲೇ ಕಂಡಿತ್ತು. ಆಡಿಕೊಳ್ಳಲು ಒಂದು ಮಾತು ಬೇಕಿತ್ತು. ನಾನು ಬರೆದು ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ತಾಯಿಯ ಅಣ್ಣ, ವೈನಿ ನಮ್ಮ ಅಂಗಳಕ್ಕೆ ಬಂದರು. ಅಪ್ಪ ಕುರಿಗಳ ಹಿಂದೆ ಹೋಗಿದ್ದ. ವೈನಿಯ ಕೈಯಲ್ಲಿ ಆ ಹಾಳೆ ಇತ್ತು.

"ಏನ್ರಿ ಆಯಿ ಇದು? ಊರೆಲ್ಲಾ ನಗ್ಲಾಕತ್ತದ" ಅಂದ ಆತ. ಕೂಗಾಡಲಿಲ್ಲ. ಕೆಟ್ಟ ಮನುಷ್ಯನಲ್ಲ. "ಈ ಹುಡುಗಿ ಆಈ ಯಾರು? ನಾಳಿ ನನ್ನ ತಂಗೀಗಿ ಯಾರು ಕೇಳ್ಕೊಂಡ್ ಬರ್ತಾರ? ಇನ್ನ ಆಕಿ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ."

ಆಯಿ ಬೊಚ್ಚು ಬಾಯಿ ತೆರೆದು ನಕ್ಕಳು.

"ಇಷ್ಟಕ್ಕ ಇಷ್ಟು ಸಿಟ್ಟೇನಪಾ? ನಮ್ಮ ಮಾತಿನಾಗ ಆಯಿ ಅಂದ್ರ ನಾ. ನೀನೂ ಈಗ ಆಯಿ ಅಂದಿಲ್ಲೇನು ನನಗ? ಹುಡುಗಿ ಮನಿ ಮಾತೇ ಬರದಾಳ. ಭಜ್ಜಿ ನಾ ಮಾಡೀನಿ."

"ಕಣ್ ಕಾಣ್ದಾಕಿ ಚಾದರ ಹ್ಯಾಂಗ ಹೊಲ್ದಿ?" ಅಂದಳು ವೈನಿ.

"ದಾರ ಹುಡುಗಿ ಹಾಕ್ಯಾಳ, ಕೈ ನಂದು. ನಿನಗೂ ಒಂದು ಹೊಲ್ಕೊಡ್ತೀನಿ, ಬಟ್ಟಿ ತಾ."

ತಾಯಿಯ ಅಣ್ಣನ ಮುಖ ಸಡಿಲಾಯಿತು. ಆತನಿಗೆ ನಂಬುವುದೇ ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ನನ್ನ ಕಡೆ ಬಗ್ಗಿ ಮೆತ್ತಗೆ ಕೇಳಿದ, "ಹೌದೇನ ಕೂಸೇ? ಆಯಿ ಬಗ್ಗಿನೇ ಬರದಿ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆಯಿ ಏನೂ ಮಾಡಿರಲಿಲ್ಲ. ಐದು ದಿನವೂ ಹೊರಸಿನ ಮೇಲೆ ಕುಳಿತು ನಮ್ಮನ್ನು ಬೈದಿದ್ದಳು. ತಾಯಿ ಮಾಡಿದ್ದನ್ನೆಲ್ಲ ತನ್ನದು ಅನ್ನುತ್ತಿದ್ದಾಳೆ ಎಂದು ನನಗೆ ಸಿಟ್ಟು ಬಂತು.

"ಆಯಿ ಅಲ್ಲ. ತಾಯಿ" ಅಂದೆ.

ಆಯಿ ತಕ್ಷಣ ಆ ಮಾತನ್ನೂ ಹಿಡಿದಳು. "ನೋಡಪಾ, ತಾಈ ಅಂತಾಳ. ಎಲ್ಲಾರೂ ಅಂದಂಗೇ ಅಂತಾಳ. ಅದ್ರಾಗೇನದ?"

ಇವರಿಗೆ ಅರ್ಥವಾಗುತ್ತಿಲ್ಲ ಎಂದುಕೊಂಡೆ. ಗೋಡೆಯ ಕಡೆ ಬೆರಳು ತೋರಿಸಿ ಮರಾಠಿಯಲ್ಲೇ ಹೇಳಿದೆ. "ತೀ ಮಾಝೀ ಆಈ." ಅವಳು ನನ್ನ ತಾಯಿ ಎಂದು.

ವೈನಿ ಹಾಳೆ ಮಡಚಿದಳು. ಗೋಡೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗೊತ್ತಿಲ್ಲ.

ಅಂದಿನಿಂದ ಆಕೆ ಬರಲಿಲ್ಲ. ಯುಗಾದಿ ಬಂತು, ಬರಲಿಲ್ಲ. ನಡುವಿನ ಗೋಡೆಗೆ ಇನ್ನೆರಡು ಸಾಲು ಇಟ್ಟಿಗೆ ಏರಿತು. ಬೇಸಿಗೆಯಲ್ಲಿ ವಲಾಂಡಿಯ ಒಬ್ಬರಿಗೆ ಆಕೆಯನ್ನು ಕೊಟ್ಟರು. ಹೆಂಡತಿ ಸತ್ತವರು, ಬೆಳೆದ ಇಬ್ಬರು ಗಂಡುಮಕ್ಕಳು ಇದ್ದರು. ಲಗ್ನಕ್ಕೆ ನಮ್ಮನ್ನು ಕರೆಯಲಿಲ್ಲ. ಆಕೆ ಜೀಪು ಹತ್ತುವುದನ್ನು ನಾನು ಬೇವಿನ ಮರದ ಹತ್ತಿರ ನಿಂತು ನೋಡಿದೆ. ಯಾಕೆ ಹೋಗುತ್ತಿದ್ದಾಳೆ, ಹೇಳಿ ಯಾಕೆ ಹೋಗಲಿಲ್ಲ ಎಂದು ಆಕೆಯ ಮೇಲೆಯೇ ಮುನಿಸು ಇತ್ತು ನನಗೆ. ನನ್ನಿಂದ ಆದದ್ದು ಏನು ಎಂಬುದು ತಿಳಿಯಲು ಬಹಳ ವರುಷ ಬೇಕಾಯಿತು. ಅಪ್ಪ ಒಂದೇ ಮಾತು ಅಂದ. "ಹುಡುಗಿ ಸುಳ್ಳಾರ ಎಲ್ಲಿ ಹೇಳ್ಯಾಳ?" ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದೇ ಸಲ ಆಕೆ ಸಿಕ್ಕದ್ದು. ನಿಲಂಗಾ ಬಸ್ ನಿಲ್ದಾಣದಲ್ಲಿ. ನನ್ನ ಲಗ್ನವಾಗಿ ಹೊಸತು. ಆಕೆಯ ಕೂದಲು ಅರ್ಧ ಬೆಳ್ಳಗಾಗಿದ್ದವು, ಸೊಂಟದ ಮೇಲೆ ಮೊಮ್ಮಗು ಇತ್ತು. ಜೊತೆಗೆ ಸೊಸೆ. ನಾನೇ ಹತ್ತಿರ ಹೋದೆ. ಆಕೆಗೆ ನನ್ನ ಗುರುತು ಕೂಡಲೇ ಹತ್ತಿತು.

"ಆಯಿ ಹ್ಯಾಂಗದಾಳ?"

"ಹೋದಳು. ನಾಕು ವರ್ಷ ಆತು."

"ಹೂಂ..." ಅಂದಳು. ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಎಳ್ಳಮಾಸಿ ಮಾಡ್ತೀಯಿಲ್ಲ? ಅವಸರ ಮಾಡಬ್ಯಾಡ, ಮೊದ್ಲೇ ಶುರು ಮಾಡು."

ಸೊಸೆ ಮರಾಠಿಯಲ್ಲಿ ಯಾರು ಇವರು ಎಂದು ಕೇಳಿದಳು. ತಾಯಿ ಹೇಳಿದಳು, "ಆಮಚ್ಯಾ ಗಾವಚೀ." ನಮ್ಮೂರಿನವಳು. ಮತ್ತೇನೂ ಸೇರಿಸಲಿಲ್ಲ. ನನ್ನ ಗಲ್ಲ ಮುಟ್ಟಲು ಕೈ ಎತ್ತಿದಳು, ಸೊಸೆಯ ಕಡೆ ನೋಡಿ ಅದನ್ನು ಮಗುವಿನ ಬೆನ್ನ ಮೇಲೆ ಇಟ್ಟುಕೊಂಡಳು. ಅಷ್ಟರಲ್ಲಿ ಬಸ್ ಬಂತು. ಹೇಳಬೇಕಾದ ಮಾತು ಇನ್ನೂ ಹೇಳಿರಲಿಲ್ಲ. ಸೊಸೆಯ ಎದುರು ಹೇಗೆ ಹೇಳುವುದು? ಇನ್ನೊಮ್ಮೆ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡೆ.

ಮೂರು ವಾರದ ಹಿಂದೆ ಫೋನ್ ಮಾಡಿದ್ದು ಆಕೆಯ ಅಣ್ಣನ ಮಗಳು, ನನ್ನ ವರ್ಗದಲ್ಲಿ ಇದ್ದವಳು. ಸೋದರತ್ತೆ ಹೋದಳು, ಎರಡು ದಿನ ಜ್ವರ ಅಷ್ಟೇ ಎಂದಳು. ನಾನು ಮಣ್ಣಿಗೆ ಹೋಗಲಿಲ್ಲ. ಹೋಗಿ ಯಾರೆಂದು ಹೇಳಿ ಅಳಲಿ?

ಇವತ್ತು ನಮ್ಮ ಹೊಲದಲ್ಲಿ ಹಬ್ಬವಾಯಿತು. ಮಕ್ಕಳು ಕಲ್ಲಿಗೆ ಬೊಟ್ಟು ಇಟ್ಟರು, ಭಜ್ಜಿ ಎಲ್ಲರಿಗೂ ಸಾಕಾಯಿತು, ಪಾತ್ರೆ ತೊಳೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಉದಗೀರದಿಂದ ವಲಾಂಡಿಗೆ ಬಸ್ಸಿನಲ್ಲಿ ಒಂದು ತಾಸು. ಹನ್ನೊಂದು ವರುಷದಿಂದ ನಾನು ಇಲ್ಲೇ ಇದ್ದೇನೆ. ಒಂದು ದಿನವೂ ಹೋಗಲಿಲ್ಲ. ನನ್ನಿಂದ ತಪ್ಪಾಯಿತು ಎಂದು ಆಕೆಗೆ ಹೇಳಲಿಲ್ಲ.