ಅಜ್ಜಿಯ ಬಾಯಲ್ಲಿ ದೊರೆಸಾನಿ

ಚಿಕ್ಕಮ್ಮನ ಬಲಗೈ ತೋರುಬೆರಳಿನ ತುದಿ ನೂಲು ಕೊರೆದು ಸೀಳಿಹೋಗಿತ್ತು. ಸೀಳಿಗೆ ಅರಿಶಿನ ಮೆತ್ತಿಕೊಂಡು, ಅದೇ ಬೆರಳಲ್ಲಿ ಎಳೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಆಗ ಎರಡು ಕೈಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಚಿಕ್ಕಪ್ಪ. ಇಬ್ಬರಿಗೂ ನೂಲು ಸುತ್ತಿಕೊಡುವವಳು ಅವಳೊಬ್ಬಳೇ. ತಾಯಿಯಿಲ್ಲದ ನನಗೆ ತಲೆ ಬಾಚಿ ಜಡೆ ಹಾಕುತ್ತಿದ್ದವಳೂ ಅವಳೇ.

ಶಿವಗಂಗೆ ಕಡೆಯಿಂದ ಚಿಕ್ಕಪ್ಪನನ್ನು ಮದುವೆಯಾಗಿ ಬಂದ ಮೊದಲ ವಾರ ತಂಗಳು ಮುದ್ದೆಗೆ ಒಂದು ಸೌಟು ಬಿಸಿ ಸಾರು ಕೇಳಿದಳಂತೆ.

“ದೊರೆಸಾನಿ ಬಂದವ್ಳೆ, ಎಲ್ರೂ ಅಡ್ಡಬೀಳ್ರಪ್ಪ” ಎಂದಳಂತೆ ಅಜ್ಜಿ.

ಅಲ್ಲಿಂದ ಕೂತರೆ ದೊರೆಸಾನಿ, ಕೆಮ್ಮಿದರೆ ದೊರೆಸಾನಿ. ಬೀದಿಯವರೂ ಹಾಗೇ ಕರೆದರು. ಚಿಕ್ಕಪ್ಪ ಮಗ್ಗದಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ಅರ್ಥ ಬರೆಸಿದರು: ದೊರೆಸಾನಿ ಎಂದರೆ ದೊಡ್ಡ ಮನೆತನದ ಹೆಣ್ಣು, ಗೌರವದ ಮಾತು. ಓಡಿಬಂದು ಅವಳಿಗೆ ಹೇಳಿದೆ.

“ಅದು ಪುಸ್ತಕದಾಗಿನ ಅರ್ಥ ಮಗಾ” ಎಂದಳು, ರಾಟೆ ನಿಲ್ಲಿಸದೆ. “ನಿಮ್ಮಜ್ಜಿ ಪುಸ್ತಕ ಓದಿಲ್ಲ.”

ನಾಲ್ಕನೆಯ ವರ್ಷ ಬಸುರಾದಳು. ಏಳು ತಿಂಗಳಿಗೆ ಜ್ವರ ಬಂತು. ಒಂದು ದಿನ ಮಲಗುತ್ತೇನೆ ಎಂದು ಕೇಳಿದ್ದಕ್ಕೆ ಅಜ್ಜಿ, “ದೊರೆಸಾನಿಗೆ ಪಲ್ಲಂಗ ಹಾಕ್ಸಾನ. ಮೊದ್ಲು ನೀರು ತಗಂಬಾ” ಎಂದಳು. ದಾರಿಯಲ್ಲಿ ಎಲ್ಲೂ ಕೂರದಂತೆ ನೋಡಿಕೊಳ್ಳಲು ನನ್ನನ್ನು ಹಿಂದೆ ಕಳಿಸಿದಳು.

ಚಿಕ್ಕಮ್ಮ ಬಾವಿಕಟ್ಟೆ ಹಿಡಿದು ಕುಸಿದಳು. “ಎರಡು ಬಿಂದಿಗೆ ಸೇದ್ಕೊಡು ಮಗಾ. ಕೈಯಾಗೆ ಆಗ್ತಿಲ್ಲ.”

ನನ್ನ ಓರಗೆಯ ಹುಡುಗಿಯರು ಅಲ್ಲೇ ಇದ್ದರು. ಅವರು ನಗಲೆಂದು, “ಯಾಕೆ ದೊರೆಸಾನಿ, ಆಳುಗಳು ಬಂದಿಲ್ವಾ?” ಎಂದೆ.

ಎಲ್ಲರೂ ನಕ್ಕರು. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಎದ್ದು, ಹಗ್ಗ ಹಿಡಿದಳು. ಎರಡು ಬಿಂದಿಗೆ ತುಂಬುವವರೆಗೂ ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರನೆಯ ದಿನ ಸತ್ತ ಮಗು ಹುಟ್ಟಿತು. ಮರುದಿನ ನಾನು ಗಂಜಿ ತೆಗೆದುಕೊಂಡು ಹೋದೆ. ಬಟ್ಟಲನ್ನು ಅವಳ ಪಕ್ಕದಲ್ಲಿಟ್ಟೆ. “ನೀನು ಉಂಡ್ಯಾ ಮಗಾ?” ಎಂದು ಕೇಳಿದಳು, ಅಷ್ಟೆ. ಗಂಜಿ ಹಾಗೇ ಉಳಿಯಿತು. ಐದನೆಯ ದಿನ ಹೋದಳು.

ಸಾವು ಬರೆದುಕೊಳ್ಳಲು ಬಂದವನು ಹೆಸರು ಕೇಳಿದ.

ಅಜ್ಜಿ “ದೊರೆ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಚಿಕ್ಕಪ್ಪ ಗೋಡೆ ಕಡೆ ತಿರುಗಿ ಹೇಳಿದ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಆ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು.