ಅಪ್ಪನ ಕಣ್ಣಿಗೆ ಬೇಕಾದ ಕಪ್ಪು

ಕೆನಡಾದ ಗಣಿಯೂರು ಸಡ್ಬರಿಯ ಜಿನೆಟ್ ಕೂತಲ್ಲಿ ಕೂರುವವಳಲ್ಲ. ಒಲೆಯ ಮೇಲೆ ಬಟಾಣಿ ಸೂಪ್ ಕುದಿಯುತ್ತಿರುವಾಗಲೂ ಓಡಿಬಂದು, ಊಟದ ಮೇಜಿನ ಮೇಲಿನ ಹಲಗೆಯಲ್ಲಿ ಒಂದು ತಾಮ್ರದ ಪೆನ್ನಿ ನಾಣ್ಯ ತೆಗೆದು ಇನ್ನೊಂದಿಟ್ಟು, ಹಿಂದೆ ಸರಿದು ನೋಡಿ, ಊಹೂಂ ಎಂದು ತಲೆಯಾಡಿಸಿ ಮತ್ತೆ ಒಲೆಗೆ ಓಡುವಳು. ನಡುವೆ ಪುಟ್ಟ ಮಗಳು ಕೊಲೆಟ್‌ಳ ಬಾಯಿಗೆ ಬೆರಳು ಹಾಕಿ, ನಾಣ್ಯವೇನಾದರೂ ಸೇರಿದೆಯೇ ಎಂದು ತಡಕಬೇಕು.

ಸರ್ಕಾರ ಪೆನ್ನಿ ಹೊರಡಿಸುವುದನ್ನು ನಿಲ್ಲಿಸಿದ ಮೇಲೆ ಬೀದಿಯವರೆಲ್ಲ ಡಬ್ಬಿಗಟ್ಟಲೆ ತಂದು ಅವಳ ಮನೆಯಲ್ಲಿ ಸುರಿದಿದ್ದರು. ಅವುಗಳಲ್ಲೇ ಹೂವು, ಮೀನು ಜೋಡಿಸುತ್ತಿದ್ದಳು. ಈ ಸಲ ಅಪ್ಪನ ಮುಖ. ಗಣಿಯಲ್ಲಿ ಜೀವ ಸವೆಸಿದ ಅಪ್ಪ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಶನಿವಾರ ಕಾರ್ಮಿಕರ ಸಭಾಂಗಣದಲ್ಲಿ, ಅವನ ಜೊತೆಗಾರರ ಮುಂದೆ, ಆ ಮುಖ ಗೋಡೆಗೇರಬೇಕು. ಅವರು ಗುರುತು ಹಿಡಿಯದಿದ್ದರೆ?

ಹೊಳೆಯುವ ನಾಣ್ಯ ಕೆನ್ನೆಗೆ, ಕಂದಿದ್ದು ನೆರಳಿಗೆ, ಕರ್ರಗಾದದ್ದು ಕಣ್ಣಿಗೆ. ಕರಿಯವನ್ನು ತಿಂಗಳುಗಟ್ಟಲೆ ಆರಿಸಿ ಬಟ್ಟಲಲ್ಲಿ ಕೂಡಿಟ್ಟಿದ್ದಳು. ಗುರುವಾರ ಬೆಳಿಗ್ಗೆ ನೋಡಿದರೆ ಬಟ್ಟಲು ಥಳಥಳ ಅನ್ನುತ್ತಿದೆ!

"ಏನು ಕೊಳೆಯೇ ತಾಯಿ! ವಿನೆಗರ್‌ಗೆ ಉಪ್ಪು ಹಾಕಿ ನೆನೆಸಿ ಉಜ್ಜಿಬಿಟ್ಟೆ," ಎಂದರು ಅತ್ತೆ ಸೊಲಾಂಜ್, ಹೊಗಳಿಕೆಗೆ ಕಾಯುತ್ತ.

"ಅತ್ತೆ, ಅದು ಅಪ್ಪನ ಕಣ್ಣು!"

"ಕಣ್ಣಾ? ಹೊಲಸು ಅಂದ್ಕೊಂಡೆ ಕಣೇ."

ಜಿನೆಟ್ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಮಗುವನ್ನೆತ್ತಿ ಮತ್ತೆ ಕಿಟಕಿಗೆ.

"ಕರೀ ಬಣ್ಣ ಬಳಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ!"

ಸೊಲಾಂಜ್ ಪೆಚ್ಚಾದರು. ಬಟ್ಟಲಿನ ನಾಣ್ಯ ತಿರುವುತ್ತ ಗೊಣಗಿದರು: "ನಮ್ಮಮ್ಮನ ಬೆಳ್ಳಿ ಚಮಚ ಮೊಟ್ಟೆ ತಾಗಿದ್ರೆ ಸಾಕು, ಕಪ್ಪಾಗೋದು. ತಾಮ್ರಕ್ಕೂ ಹಂಗೇ ಆಗುತ್ತೋ ಏನೋ."

ಮನೆಯಲ್ಲಿದ್ದ ಮೊಟ್ಟೆಗಳೆಲ್ಲ ಬೆಂದವು. ಬಿಸಿಬಿಸಿಯಾಗಿ ಹಿಸುಕಿ, ನಾಣ್ಯಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಜಿನೆಟ್ ಗಳಿಗೆಗೊಮ್ಮೆ ಗಂಟು ಬಿಚ್ಚಲು ಹೋಗುವಳು. ಅತ್ತೆ ಕೈಮೇಲೆ ಹೊಡೆಯುವರು. "ಬಿಡೇ! ಬ್ರೆಡ್ಡಿನ ಹಿಟ್ಟು ಉಬ್ಬೋಕೂ ಬಿಡಲ್ಲ ನೀನು."

ಶುಕ್ರವಾರ ಚೀಲ ಬಿಚ್ಚಿದಾಗ ಮನೆಯೆಲ್ಲ ಕೊಳೆತ ವಾಸನೆ. ಕೊಲೆಟ್ ಮೂಗು ಮುಚ್ಚಿಕೊಂಡಳು. ಕೆಲವು ಕಂದು, ಕೆಲವು ನೇರಳೆ, ಹಿಡಿಯಷ್ಟು ಮಾತ್ರ ಕಾಡಿಗೆಗಪ್ಪು. ಜಿನೆಟ್ ಆ ಕಪ್ಪು ನಾಣ್ಯ ತೊಳೆದು, ಒರೆಸಿ, ಕಣ್ಣಿನ ಜಾಗಕ್ಕೆ ಜೋಡಿಸಿ ಎದುರಿನ ಗೋಡೆಯವರೆಗೂ ಹಿಂದೆ ಹೋದಳು. ಒಂದು ಕಣ್ಣು ತೀರಾ ಕಪ್ಪಾಗಿತ್ತು. ಅಪ್ಪ ಸಿಡುಕಿದ ಹಾಗೆ.

"ಕೆಟ್ಟೋಯ್ತು ಅತ್ತೆ. ಆ ಕಣ್ಣು ತೆಗೀತೀನಿ."

"ಮುಟ್ಟಬೇಡ! ನನ್ನ ಮಗ ಮೊದಲ ಸಲ ನಿನ್ನ ನೋಡೋಕೆ ಅಂತ ನಿಮ್ಮನೆ ಬಾಗಿಲು ತಟ್ಟಿದಾಗ ನಿಮ್ಮಪ್ಪ ಹೀಗೇ ಗುರಾಯಿಸಿದ್ರಂತೆ. ಪಾಪ, ಹೂಗುಚ್ಛ ಅಲ್ಲೇ ಬಿಟ್ಟು ಓಡಿಬಂದಿದ್ದ!"

ಜಿನೆಟ್ ನಕ್ಕುಬಿಟ್ಟಳು. ಕಣ್ಣು ಕೀಳಲು ಚಾಚಿದ್ದ ಕೈಯಿಂದಲೇ ಅಂಟಿನ ಡಬ್ಬಿ ಎಳೆದುಕೊಂಡಳು.