ಕದದ ಮೇಲಿನ ರಾಧಾಮಣಿ

ಶ್ರೀರಂಗಪಟ್ಟಣದ ಪೇಟೆ ಬೀದಿಗೆ ರಾಧಾಮಣಿಯ ಮನೆಯಿಂದ ತೆರೆಯುವುದು ಒಂದೇ ಕಿಟಕಿ. ಮನೆ ಪಾಲಾದಾಗ ಮುಂಬಾಗಿಲು ಭಾವನ ಕಡೆಗೆ ಹೋಯಿತು. ಆ ಮನೆಯವರೊಂದಿಗೆ ಮಾತಿಲ್ಲ. ಇವರ ಓಡಾಟವೆಲ್ಲ ಹಿತ್ತಲ ಸಂದಿಯಲ್ಲಿ, ಮೋರಿ ದಾಟಿಕೊಂಡು. ಹಾಗಾಗಿ ಹದಿನಾಲ್ಕು ವರ್ಷದಿಂದ ಬೀದಿಯ ಹೆಂಗಸರು ಫಾಲ್ ಹಚ್ಚಿಸಲು ಸೀರೆಗಳನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ, ಜೊತೆಗೆ ಊರ ಸುದ್ದಿಯನ್ನೂ ಕೊಟ್ಟು ಹೋಗುತ್ತಿದ್ದರು.

ಈ ವರ್ಷ ಊರಿಡೀ ಗೋಡೆಗಳ ಮೇಲೆ ಚಿತ್ರ ಬರೆಯುವ ಕಲಾ ಉತ್ಸವ ಬಂತು. ‘ನಮ್ಮ ಊರು, ನಮ್ಮ ಗುರುತು’ ಎಂಬುದು ವಿಷಯ. ಚಿತ್ರ ಬರೆಯಲು ಬಂದ ಸಹನ, ಸೂಜಿ ಹಿಡಿದು ಕೂತಿದ್ದವಳನ್ನು ಕಂಡು, ‘ನಿಮ್ಮನ್ನೇ ಬರೀತೀನಿ ಅಕ್ಕ, ಇದೇ ಕಿಟಕಿ ಮೇಲೆ’ ಎಂದಳು. ರಾಧಾಮಣಿ ಹಿಂದೆಮುಂದೆ ನೋಡದೆ ಒಪ್ಪಿದಳು. ಮುಚ್ಚಿದ ಕದಗಳ ಮೇಲೆ, ಕಿಟಕಿ ತೆರೆದು ಕೂತ ಹೆಂಗಸೊಬ್ಬಳು ಮೂಡಿದಳು. ಒಂದು ಕದದ ಮೇಲೆ ಮುಖ, ಇನ್ನೊಂದರ ಮೇಲೆ ಸೀರೆ ಹಿಡಿದ ಕೈ. ಕದ ತೆರೆದರೆ ಚಿತ್ರವಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಹತ್ತು ದಿನ ಕದ ತೆರೆಯಬೇಡಿ ಎಂದು ಉತ್ಸವದವರು ಹೇಳಿದ್ದರು. ಒಳಗೆ ಹಗಲೂ ಟ್ಯೂಬ್‌ಲೈಟು. ಹೊರಗೆ ಫೋಟೊ ತೆಗೆಸಿಕೊಳ್ಳುವವರ ಗಲಾಟೆ ಕೇಳುತ್ತಿತ್ತು, ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಸೀರೆ ತರುತ್ತಿದ್ದವರು ಬಸ್‌ಸ್ಟ್ಯಾಂಡಿನ ಟೈಲರನತ್ತ ತಿರುಗಿದರು.

ಹನ್ನೊಂದನೆಯ ದಿನ ಅವಳು ಚಿಲಕ ತೆಗೆದು ತಳ್ಳಿದಳು. ಅಲುಗಲಿಲ್ಲ. ಬಣ್ಣ ಉಳಿಯಲೆಂದು ಬಳಿದ ವಾರ್ನಿಶ್ ಕದಗಳನ್ನು ಅಂಟಿಸಿಬಿಟ್ಟಿತ್ತು. ಗಂಡ ಕುಮಾರ್ ಬಡಗಿ. ಉಳಿ ತಾ ಎಂದಳು.

‘ಇರ್ಲಿ ಬುಡೆ. ಬೀದಿ ಜನ ಎಲ್ಲಾ ನಿನ್ನೇ ನೋಡ್ತಾವ್ರೆ. ಅಣ್ಣನ ಮನೆಯೋರು ಹೊಟ್ಟೆ ಉರ್ಕಂಡು ಸಾಯ್ತಾವ್ರೆ.’

‘ಅವ್ರು ನೋಡ್ತಾವ್ರೆ. ನಾನ್ ಯಾರ್ನ ನೋಡ್ಲಿ, ಈ ಗೋಡೆನಾ?’

‘ಮಕ ಕಿತ್ಕಂಡ್ ಬತ್ತದೆ ಕಣೆ!’

‘ಬರ್ಲಿ. ಇಲ್ಲೊಂದೈತಲ್ಲ.’

ಅಷ್ಟರಲ್ಲಿ ಹೊರಗಿನಿಂದ ಹಳೆಯ ಗಿರಾಕಿ ಸುಬ್ಬಮ್ಮಜ್ಜಿಯ ದನಿ: ‘ರಾಧಾಮಣೀ, ಇದ್ದೀಯೇನವ್ವಾ? ಮೊಮ್ಮಗಳ ಮದ್ವೆ ಸೀರೆ ತಂದಿವ್ನಿ. ಯಾರ್ ಕೈಗ್ ಕೊಡ್ಲಿ, ಈ ಬೊಂಬೆ ಕೈಗಾ?’

ಕುಮಾರ್ ಗೊಣಗುತ್ತ ಉಳಿ ತಂದ. ಅಂಟು ಬಿಡಿಸಿ ತೆರೆದದ್ದು ಕೈ ಇದ್ದ ಕದವನ್ನು ಮಾತ್ರ, ಅದೂ ಒಂದು ಗೇಣು. ಮುಖವಿದ್ದ ಕದದ ಚಿಲಕವನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟ. ರಾಧಾಮಣಿ ಸರಳುಗಳ ನಡುವೆ ತೋಳು ತೂರಿಸಿ ಸೀರೆ ಹಿಡಿದಳು. ಕತ್ತು ಎಷ್ಟು ಓರೆ ಮಾಡಿದರೂ ಅಜ್ಜಿಯ ಮುಖ ಸಿಗಲಿಲ್ಲ.

‘ಅಕ್ಕಾ, ಒಂದ್ನಿಮಿಷ ಕೈ ಒಳಗೆ ತಗೊಳ್ಳಿ,’ ಬೀದಿಯಲ್ಲಿ ಯಾರೋ ವಿನಯದಿಂದ ಕೂಗಿದರು. ‘ಫೋಟೊಗೆ ಅಡ್ಡ ಬರ್ತಾ ಇದೆ.’